ಫೀಸಿಗೆ ಹೆದರಿ ಸುಮ್ಮನಿರಬೇಡಿ

ವಕೀಲರ ಫೀಸಿಗೆ ಹೆದರಿ ಎಷ್ಟೋ ಹೆಣ್ಣುಮಕ್ಕಳು ಜೀವನಾಂಶವನ್ನೇ ಕೇಳುವುದಿಲ್ಲ ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ, ನಿಜ. ನನ್ನ ತಂಗಿಯೂ ಎರಡು ವರ್ಷ ಹಾಗೇ ತವರಲ್ಲಿ ಕೂತಿದ್ದಳು. ಮೊದಲು ನೋಡಿದ ವಕೀಲರು ಕೇಳಿದ ಮುಂಗಡಕ್ಕೆ ಅಪ್ಪ ಹಸು ಮಾರಲು ಹೊರಟಿದ್ದರು. ಆಮೇಲೆ ಯಾರೋ ಹೇಳಿ ಮಂಡ್ಯದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋದೆವು. 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಹೆಣ್ಣುಮಕ್ಕಳಿಗೆ ಉಚಿತ ವಕೀಲರು ಸಿಗುತ್ತಾರೆ, ಆದಾಯದ ಮಿತಿಯೇ ಇಲ್ಲ. ‘ಬಿಟ್ಟಿ ವಕೀಲರು ಕೇಸು ನೋಡಲ್ಲ ಕಣಮ್ಮ’ ಅಂತ ಊರಲ್ಲಿ ಹೆದರಿಸಿದವರಿದ್ದರು. ನಮಗೆ ಕೊಟ್ಟ ಮೇಡಂ ಒಂದು ವಾಯಿದೆಯನ್ನೂ ತಪ್ಪಿಸಲಿಲ್ಲ. ವಿಚ್ಛೇದನದ ಕೇಸಾದರೆ, ಸ್ವಂತ ಆದಾಯ ಸಾಲದವರು ಹಿಂದೂ ವಿವಾಹ ಕಾಯ್ದೆಯ 24ನೇ ಸೆಕ್ಷನ್ನಿನಲ್ಲಿ ಗಂಡನಿಂದ ಕೋರ್ಟಿನ ಖರ್ಚನ್ನೂ ಕೇಳಬಹುದು. ಓಡಾಡಲು ಆಗದವರು ದಯವಿಟ್ಟು ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ.