ಹೆಸರಲ್ಲಿ ಫೈನಾನ್ಸ್ ಇದ್ದರೆ ಸಾಕಾ?

ಕ್ವಾಂಟ್ ಫೈನಾನ್ಸ್‌ನಲ್ಲಿ (ಹಣಕಾಸು ಮಾರುಕಟ್ಟೆಗೆ ಗಣಿತ ಹಚ್ಚುವ ವಿಷಯ) ಮಾಸ್ಟರ್ಸ್ ಮಾಡಬೇಕು ಅಂತಿರುವ ಡಿಗ್ರಿ ಹುಡುಗರು ಆಗಾಗ ಕೋರ್ಸ್ ಪಟ್ಟಿ ಕಳಿಸಿ, ಯಾವುದು ತಗೊಳ್ಳಲಿ ಅಂತ ಕೇಳುತ್ತಾರೆ. ‘ಫೈನಾನ್ಶಿಯಲ್ ಮ್ಯಾಥಮೆಟಿಕ್ಸ್’ಗೆ ಆಗಲೇ ಟಿಕ್ ಬಿದ್ದಿರುತ್ತದೆ. ಕ್ಯಾಲ್ಕುಲಸ್‌ನ ಬುಡವನ್ನು ಪ್ರೂಫ್ ಸಮೇತ ಕಲಿಸುವ ರಿಯಲ್ ಅನಾಲಿಸಿಸ್ ಪಕ್ಕದಲ್ಲಿ ಪ್ರಶ್ನೆ ಚಿಹ್ನೆ. ನನ್ನ ಪ್ರಕಾರ ಇದು ಪೂರ್ತಿ ಉಲ್ಟಾ.

ಆಪ್ಷನ್ ಅಂದರೇನು, ಬಾಂಡ್ ಬೆಲೆ ಹೇಗೆ ಕಟ್ಟುತ್ತಾರೆ, ಇದನ್ನೆಲ್ಲ ಮಾಸ್ಟರ್ಸ್‌ನಲ್ಲಿ ಹೇಗೂ ಹೇಳಿಕೊಡುತ್ತಾರೆ. ಎಪ್ಸಿಲಾನ್-ಡೆಲ್ಟಾವನ್ನು (ಲಿಮಿಟ್‌ಗೆ ಅನಾಲಿಸಿಸ್ ಕೊಡುವ ಕರಾರುವಾಕ್ಕಾದ ಅರ್ಥ) ಅಲ್ಲಿ ಯಾರೂ ಕೂತು ಹೇಳಿಕೊಡುವುದಿಲ್ಲ. ನಿಮಗೆ ಬರುತ್ತದೆ ಅಂದುಕೊಂಡೇ ಪಾಠ ಶುರುವಾಗುತ್ತದೆ.

ನನಗೆ ಇದು ಗೊತ್ತಾಗಿದ್ದು ಪೆಟ್ಟು ತಿಂದ ಮೇಲೆ. ಅನಾಲಿಸಿಸ್‌ಗೆ ಹೆದರಿ ಅದನ್ನು ಬಿಟ್ಟು, ನೇರ ಸ್ಟೊಕಾಸ್ಟಿಕ್ ಕ್ಯಾಲ್ಕುಲಸ್ (ಅಡ್ಡಾದಿಡ್ಡಿ ಚಲನೆಗಳ ಕ್ಯಾಲ್ಕುಲಸ್) ಕ್ಲಾಸಲ್ಲಿ ಹೋಗಿ ಕೂತಿದ್ದೆ. ಡಿ-ಡಬ್ಲ್ಯೂ ಸ್ಕ್ವೇರ್ ಅಂದರೆ ಡಿ-ಟಿ, ಅಂದರೆ ಅಡ್ಡಾದಿಡ್ಡಿ ನಡಿಗೆಯ ಪುಟ್ಟ ಹೆಜ್ಜೆಯ ವರ್ಗ ಕಾಲದ ಪುಟ್ಟ ಚೂರಿಗೆ ಸಮ ಅಂತ ಬೋರ್ಡ್ ಮೇಲೆ ಬಂತು. ಸುಮ್ನೆ ಬರೆದುಕೊಂಡೆ. ಪರೀಕ್ಷೆಯಲ್ಲಿ ‘ಯಾಕೆ?’ ಅಂತ ಕೇಳಿದಾಗ ಪೆನ್ನು ಓಡಲಿಲ್ಲ.

ವಿಷಯ ಅಷ್ಟೇನೂ ಕಷ್ಟದ್ದಲ್ಲ. ಒಂದು ಗಂಟೆಯನ್ನು 100 ಚೂರು ಮಾಡಿ. ನೇರ ಗೆರೆಯಲ್ಲಿ ಹೋಗುವವನು ಪ್ರತಿ ಚೂರಿಗೆ 1/100 ಮುಂದೆ ಹೋಗುತ್ತಾನೆ. ಆ ಹೆಜ್ಜೆಯ ವರ್ಗ 1/10,000. ನೂರನ್ನೂ ಕೂಡಿದರೆ 1/100. ಚೂರು ಸಣ್ಣದಾದಷ್ಟೂ ಇದು ಸೊನ್ನೆಯ ಕಡೆ ಹೋಗುತ್ತದೆ. ಈಗ ನಾಣ್ಯ ಚಿಮ್ಮಿ, ಪ್ರತಿ ಸಲ 1/10 ಮೇಲೋ ಕೆಳಗೋ ಹೋಗುವವನನ್ನು ನೋಡಿ. ಹೆಜ್ಜೆಯ ವರ್ಗ 1/100, ನೂರು ಕೂಡಿದರೆ 1. ಹತ್ತು ಸಾವಿರ ಚೂರು ಮಾಡಿ ಹೆಜ್ಜೆಯನ್ನು 1/100ಕ್ಕೆ ಇಳಿಸಿದರೂ 1. ಸೊನ್ನೆಯಾಗದೆ ಉಳಿಯುವ ಆ 1 ಇದೆಯಲ್ಲ, ಸ್ಟೊಕಾಸ್ಟಿಕ್ ಕ್ಯಾಲ್ಕುಲಸ್‌ನ ಮುಖ್ಯ ನಿಯಮವಾದ ಇಟೋ ಸೂತ್ರದ ಹೆಚ್ಚುವರಿ ಪದ ಅಲ್ಲಿಂದಲೇ ಬರುವುದು. ಆಪ್ಷನ್‌ಗೆ ಬೆಲೆ ಕಟ್ಟುವ 1973ರ ಬ್ಲ್ಯಾಕ್-ಶೋಲ್ಸ್ ಸಮೀಕರಣದ ಗಾಮಾ ಪದವೂ (ಎರಡನೇ ಡೆರಿವೇಟಿವ್ ಇರುವ ಪದ) ಅದೇ.

ನಾಣ್ಯದ ಬದಲು ನಾರ್ಮಲ್ ಡಿಸ್ಟ್ರಿಬ್ಯೂಷನ್‌ನಿಂದ ಹೆಜ್ಜೆ ತೆಗೆದರೆ ಮೊತ್ತ ಸರಿಯಾಗಿ 1 ಆಗುವುದಿಲ್ಲ, 1ರ ಹತ್ತಿರ ಹೋಗುತ್ತದೆ. ಹತ್ತಿರ ಅಂದರೆ ಯಾವ ಅರ್ಥದಲ್ಲಿ? ಪ್ರತಿ ದಾರಿಗೂ ಹಾಗೆಯಾ, ಸರಾಸರಿಯಲ್ಲಿ ಮಾತ್ರವಾ? ಇಲ್ಲೇ ಅನಾಲಿಸಿಸ್, ಆಮೇಲೆ ಪ್ರಾಬಬಿಲಿಟಿಗೆ ಬುನಾದಿಯಾದ ಮೆಷರ್ ಥಿಯರಿ ಬೇಕಾಗುವುದು. ಫ್ರೆಂಚ್ ಗಣಿತಜ್ಞ ಬ್ಯಾಶೆಲಿಯೆ 1900ರಲ್ಲೇ ಷೇರುಪೇಟೆಗೆ ಈ ಅಡ್ಡಾದಿಡ್ಡಿ ನಡಿಗೆಯನ್ನು ಹಚ್ಚಿ ನೋಡಿದ್ದರು. ಈ ನಡಿಗೆಗೆ ಸರಿಹೊಂದುವ, ಜಪಾನಿನ ಗಣಿತಜ್ಞ ಇಟೋ ಅವರ ಇಂಟಿಗ್ರಲ್ ಬಂದಿದ್ದು 1944ರಲ್ಲಿ. ಅಷ್ಟು ವರ್ಷ ಹಿಡಿದಿದ್ದು ನಮಗೆ ಒಂದು ಸೆಮಿಸ್ಟರ್‌ನಲ್ಲಿ ತಲೆಗೆ ಹತ್ತದಿದ್ದರೆ ನಾಚಿಕೆಪಡಬೇಕಾಗಿಲ್ಲ, ಅಲ್ವಾ?

ಲೀನಿಯರ್ ಆಲ್ಜೀಬ್ರಾವನ್ನೂ ‘ಮೊದಲ ವರ್ಷವೇ ಮುಗೀತು’ ಅಂತ ಪಕ್ಕಕ್ಕಿಡಬೇಡಿ. 500 ಷೇರುಗಳ 250 ದಿನದ ರಿಟರ್ನ್ಸ್ ತಗೊಂಡು ಕೊವೇರಿಯನ್ಸ್ ಮ್ಯಾಟ್ರಿಕ್ಸ್ (ಯಾವ ಷೇರು ಯಾವುದರ ಜೊತೆ ಎಷ್ಟು ಏರಿಳಿಯುತ್ತದೆ ಅನ್ನುವ ಕೋಷ್ಟಕ) ಕಟ್ಟಿ. ಅದರ ರ್ಯಾಂಕ್ (ಒಂದರಿಂದೊಂದು ಸ್ವತಂತ್ರವಾದ ಸಾಲುಗಳ ಸಂಖ್ಯೆ) 249 ದಾಟುವುದಿಲ್ಲ, ಇರಬೇಕಾಗಿದ್ದು 500. ಅಂದರೆ ಇನ್ವರ್ಸ್ ಇಲ್ಲ. ಯಾವ ಷೇರಿಗೆ ಎಷ್ಟು ಹಣ ಹಾಕಬೇಕು ಅನ್ನುವ ಮಾರ್ಕೊವಿಟ್ಜ್ ಲೆಕ್ಕಕ್ಕೆ ಬೇಕಾಗಿರುವುದೇ ಇನ್ವರ್ಸ್. ರೌಂಡಿಂಗ್ ತಪ್ಪಿನ ದೆಸೆಯಿಂದ ಕಂಪ್ಯೂಟರ್ ಏನೋ ಒಂದು ಉತ್ತರ ಕೊಟ್ಟುಬಿಡಬಹುದು, ನೀವು ನಂಬಿಯೂಬಿಡಬಹುದು. ಅದಕ್ಕೇ ನ್ಯೂಮರಿಕಲ್ ಅನಾಲಿಸಿಸ್ ಕೂಡ ತಗೊಳ್ಳಿ ಅನ್ನುವುದು. ಮಾಂಟೆ ಕಾರ್ಲೋದಲ್ಲಿ (ರ್ಯಾಂಡಮ್ ಸಿಮ್ಯುಲೇಷನ್ ಓಡಿಸಿ ಸರಾಸರಿ ತೆಗೆಯುವ ವಿಧಾನ) ತಪ್ಪು ಹತ್ತನೇ ಒಂದು ಪಾಲಿಗೆ ಇಳಿಯಬೇಕಾದರೆ ನೂರು ಪಟ್ಟು ಜಾಸ್ತಿ ಸಿಮ್ಯುಲೇಷನ್ ಓಡಿಸಬೇಕು. ಕೋಡ್ ಬರೆದು ಒಂದು ಸಲ ಕಾದು ಕೂತವರು ಇದನ್ನು ಮರೆಯುವುದಿಲ್ಲ.

ಉಳಿದವು ಬೇಗ ಹೇಳಿಬಿಡುತ್ತೇನೆ. ಪ್ರಾಬಬಿಲಿಟಿ ಬಗ್ಗೆ ಚರ್ಚೆಯೇ ಬೇಡ, ಸಿಕ್ಕಷ್ಟೂ ತಗೊಳ್ಳಿ. ರಿಗ್ರೆಷನ್, ಟೈಮ್ ಸೀರೀಸ್ ಬೇಕೇ ಬೇಕು. ಟ್ರೇಡಿಂಗ್ ಕಡೆ ಹೋಗುವವರಿಗಂತೂ ಇಟೋಗಿಂತ ಇವೇ ಜಾಸ್ತಿ ಕೆಲಸಕ್ಕೆ ಬರುತ್ತವೆ. ಪಾರ್ಷಿಯಲ್ ಡಿಫರೆನ್ಶಿಯಲ್ ಈಕ್ವೇಷನ್ಸ್ ಒಂದು ಕೋರ್ಸ್ ಸಾಕು. ಗ್ರೂಪ್ ಥಿಯರಿ ನನಗೆ ತುಂಬ ಇಷ್ಟ. ಆದರೆ ಈ ದಾರಿಗೆ ಅದು ಬೇಕು ಅಂತ ಸುಳ್ಳು ಹೇಳಲಾರೆ.

ಇನ್ನು ಮುಂದೆ ಪಟ್ಟಿ ಕಳಿಸುವವರು ಯಾವ ಕೋರ್ಸ್‌ಗೆ ಮುಂಚೆ ಯಾವುದು ಮುಗಿದಿರಬೇಕು ಅನ್ನುವುದನ್ನೂ ಬರೆದು ಕಳಿಸಿ. ಅನಾಲಿಸಿಸ್ ಅನ್ನು ಕೊನೆಯ ಸೆಮಿಸ್ಟರ್‌ಗೆ ತಳ್ಳಿ, ಮೆಷರ್ ಥಿಯರಿಗೆ ಜಾಗವೇ ಇಲ್ಲದ ಹಾಗೆ ಮಾಡಿಕೊಂಡವರನ್ನು ಬೇಕಾದಷ್ಟು ನೋಡಿದ್ದೇನೆ.