ಐವತ್ತು ದಂಡ, ಐವತ್ತೂ ದಂಡ

ಇವತ್ತ ಮುಂಜಾನಿ ಹುಬ್ಬಳ್ಳಿ ಉಣಕಲ್ ಕೆರಿ ದಂಡಿಮ್ಯಾಲ ಮೂರು ಹುಡುಗರು. ಒಬ್ಬಾಂವ ಪುಶ್‌ಅಪ್ ಹೊಡಿಯಾಂವ, ಒಬ್ಬಾಂವ ಎಣಸಾಂವ, ಇನ್ನೊಬ್ಬಾಂವ ಮೊಬೈಲ್ ಹಿಡದಾಂವ. ನಿಮಿಷ ಆಗೂದ್ರಾಗ ಐವತ್ತು! ಮೊಣಕೈ ಬಾಗಿದ್ದು ಎಷ್ಟಂತೀರಿ? ಎದಿಗೂ ನೆಲಕ್ಕೂ ನಡುವ ಒಂದು ಬೆಕ್ಕು ಆರಾಮ ದಾಟಿ ಹೋಗ್ತಿತ್ತು.

ನಮ್ಮ ಮಂದಿ ಪುಶ್‌ಅಪ್ಪಿಗೂ ದಂಡ ಅಂತಾರ. ಗರಡಿಮನಿ ದಂಡ ಬ್ಯಾರೆ, ಸೊಂಟ ಎತ್ತಿ, ಎದಿ ನೆಲ ಸವರಿಕೊಂತ ಮುಂದ ಬರೂದು. ಇರಲಿ. ಈ ಹುಡುಗಂದು ಮಾತ್ರ ಖರೇನ ದಂಡ.

ಎಣಿಕಿಗೆ ಎದಿ ಬೆಳಿಯಂಗಿಲ್ಲರೀ. ಪುಶ್‌ಅಪ್‌ನ್ಯಾಗ ಕೈಮ್ಯಾಲ ಬೀಳೂದು ಮೈಭಾರದ ಸುಮಾರು 64%. ಅಂದ್ರ 70 ಕೆಜಿ ಮನಷ್ಯಾಗ ಹತ್ರಹತ್ರ 45 ಕೆಜಿ. ಎದಿ ಸ್ನಾಯು ಪೂರ್ತಿ ಜಗ್ಗೂದು ತಳದಾಗ. ಅಲ್ಲಿಗೇ ಹೋಗಲಾರದ ಅರ್ಧಕ್ಕ ಎದ್ರ, ಫುಕಟ್ ಸಿಕ್ಕ ಆ ಭಾರ ಹೆಚ್ಚಾಗಿ ತೋಳಿನ ಹಿಂಭಾಗದ ಪಾಲು.

ಎರಡು ಇಟ್ಟಂಗಿ ತಗೋರಿ. ಮಲಗಸ್ರಿ, ನಿಲ್ಲಸಬ್ಯಾಡ್ರಿ, ಉರುಳತಾವು. ಕೆಳಗ ಟೈಲ್ಸ್ ಇದ್ರ ಗೋಣಿಚೀಲ ಹಾಸ್ರಿ. ಭುಜದಿಂದ ಆಚೆ ನಾಕ್ನಾಕು ಬೆರಳು ದೂರ ಇಟ್ಟು, ಒಂದೊಂದು ಇಟ್ಟಂಗಿ ನಟ್ಟನಡುವ ಒಂದೊಂದು ಅಂಗೈ ಊರ್ರಿ. ಮೊಣಕೈ ಮೈಯಿಂದ 45 ಡಿಗ್ರಿ. ಹದ್ದು ರೆಕ್ಕಿ ಬಿಚ್ಚಿದಂಗ ಚಾಚಿದ್ರ ಭುಜದ ಮುಂದ ಚಳಕು ಹಿಡೀತೈತಿ. ಮೂರು ಎಣಸಕೋಂತ ಇಳೀರಿ, ಎದಿ ಇಟ್ಟಂಗಿಗಿಂತ ಕೆಳಗ ಹೋಗಬೇಕು. ತಳದಾಗ ಮೊಣಕೈ ಮಣಿಕಟ್ಟಿನ ನೇರ ಮ್ಯಾಲ ಬಂದ್ರ ಇಟ್ಟಂಗಿ ಅಂತರ ಸರಿ ಐತಿ. ಒಂದು ಸೆಕೆಂಡ್ ಅಲ್ಲೇ ನಿಂತು, ಎರಡೂ ಇಟ್ಟಂಗಿ ಒಂದಕ್ಕೊಂದು ಜೋಡಸಾಕ ಹೊಂಟಂಗ ಒತ್ತಿ ಏಳ್ರಿ. ಅವು ಸರಿಯಂಗಿಲ್ಲ, ಎದಿ ಬಿಗೀತೈತಿ. ತೋಳನ್ನ ಎದಿ ಕಡೆ ಎಳಿಯೂದ ಆ ಸ್ನಾಯುವಿನ ಕೆಲಸ.

ಹಿಂಗ ಎಂಟು. ಎರಡು ನಿಮಿಷ ಬಿಟ್ಟು ಮತ್ತ ಎಂಟು, ಮತ್ತ ಎಂಟು. ದಿನಾ ಬ್ಯಾಡ, ನಡುವ ಒಂದು ದಿನ ಬಿಡ್ರಿ. ಸೊಂಟ ಜೋತುಬಿತ್ತಂದ್ರ ಅಲ್ಲಿಗೆ ಮುಗೀತು, ಮುಂದಿಂದೆಲ್ಲಾ ನಡಾ ನೋವಿನ ದಾರಿ. ಎದಿಗಿಂತ ಮೊದಲ ಮೂಗು ಇಳದ್ರ ಅದು ಲೆಕ್ಕಕ್ಕಿಲ್ಲ. ಆಗವಲ್ದಾ? ಮೊಣಕಾಲು ಊರ್ರಿ, ಕೈಮ್ಯಾಲಿನ ಭಾರ ಮೈಭಾರದ ಸುಮಾರು ಅರ್ಧಕ್ಕ ಬರ್ತೈತಿ. ಭುಜ ಮೊದಲಿಂದ ನೋಯ್ತಿದ್ರ ಇಟ್ಟಂಗಿ ತಗದು ನೆಲದ ಮ್ಯಾಲೇ ಮಾಡ್ರಿ, ಹಟ ಬ್ಯಾಡ.

“ಹೋಗ್ಲಿ ಬಿಡಪಾ, ಹಾಸಗಿ ಬಿಟ್ಟು ಎದ್ದರ ಬಂದಾರಲ್ಲ” ಅಂತೀರಿ. ಬರ್ಲಿ, ಶರಣು. ಅದಕ್ಕ ಕೆರಿ ಸುತ್ತ ನಡದ್ರೂ ಆತು, ಎದಿ ಹೆಸರು ಯಾಕ ಕೆಡಸ್ತೀರಿ? ನಂದು ಸಿಟ್ಟಿನ ಬಾಯಿ, ನಿಮಗ ಗೊತ್ತೈತಿ. ಐವತ್ತು ಅಂತ ಒದರಿದ್ದು ಕೇಳಿ ಹೊಟ್ಟೀನೂ ಉರೀತು, ಸುಳ್ಳ್ಯಾಕ ಹೇಳ್ಲಿ.

ಮತ್ತ ಇಟ್ಟಂಗಿ ಎಲ್ಲಿ ಸಿಗ್ತಾವ ಅಂತ ಕಾಮೆಂಟಿನ್ಯಾಗ ಕೇಳಬ್ಯಾಡ್ರಿ. ಹುಬ್ಬಳ್ಳ್ಯಾಗ ಮನಿ ಕಟ್ಟಲಾರದ ಓಣಿ ಯಾವುದೈತಿ? ಹೇಳಿ ತಗೋರಿ ಮತ್ತ.