ಅಲುಗಾಡಿದರೆ ಅಲುಗಾಡಲಿ, ಮೊದಲು ಬ್ಯಾರಲ್ ಮೇಲಿನ ಅಕ್ಷರ ಓದಿ

ಅಮೆರಿಕದ ಎಆರ್-15 ರೈಫಲ್‌ಗೆ ಹೊಸ ಅಪ್ಪರ್, ಅಂದರೆ ಮೈಯ ಮೇಲಿನ ಅರ್ಧ, ತಂದವರು ಮೊದಲು ಮಾಡುವ ಕೆಲಸ ಒಂದೇ. ಕೆಳಗಿನ ಅರ್ಧವಾದ ಲೋವರ್ ಮೇಲೆ ಕೂರಿಸಿ, ಎರಡು ಪಿನ್ ತಳ್ಳಿ, ಕೈಯಲ್ಲಿ ಹಿಡಿದು ಅಲ್ಲಾಡಿಸುವುದು. ಸ್ವಲ್ಪ ಟಕ್ ಟಕ್ ಅಂದರೆ ಮುಖ ಸಣ್ಣದಾಗುತ್ತದೆ. ನನ್ನ ಪ್ರಕಾರ ಇದು ಎಲ್ಲಕ್ಕಿಂತ ಕೊನೆಗೆ ಮಾಡಬೇಕಾದ ಪರೀಕ್ಷೆ. ಮಾಡದೇ ಇದ್ದರೂ ನಡೆಯುತ್ತದೆ.

ಬಳ್ಳಾರಿಯಲ್ಲಿ ಲೇತ್ ಇಟ್ಟುಕೊಂಡವನಿಗೆ ಅಮೆರಿಕದ ರೈಫಲ್ ಉಸಾಬರಿ ಯಾಕೆ ಅಂತ ಕೇಳಬಹುದು. ಅಕ್ಕನ ಮಗ ಟೆಕ್ಸಾಸ್‌ನಲ್ಲಿದ್ದಾನೆ. ಅಲ್ಲಿ ಲೋವರ್‌ಗೆ ಮಾತ್ರ ಸೀರಿಯಲ್ ನಂಬರ್, ಕಾನೂನಿನ ಲೆಕ್ಕದಲ್ಲಿ ಅದೇ ಬಂದೂಕು. ಅಪ್ಪರ್ ಬೇಕೆಂದರೆ ಕೊರಿಯರ್‌ನಲ್ಲೇ ಮನೆಗೆ ಬರುತ್ತದೆ. ಅದಕ್ಕೇ ಅಲ್ಲಿನವರು ಒಂದು ಕಂಪನಿಯ ಲೋವರ್‌ಗೆ ಇನ್ನೊಂದು ಕಂಪನಿಯ ಅಪ್ಪರ್, ಮೂರನೆಯವರ ಬೋಲ್ಟ್ (ತೋಟಾದ ಹಿಂದೆ ಬ್ಯಾರಲ್ ಮುಚ್ಚುವ ಸ್ಟೀಲ್ ತುಂಡು) ಹಾಕಿಕೊಳ್ಳುತ್ತಾರೆ. ಇವನೂ ಹಾಗೆ ತರಿಸಿ ನನಗೆ ವಿಡಿಯೋ ಕಳಿಸಿದ್ದ.

"ಮಾವ, ಲೂಸ್ ಐತಿ ನೋಡ್ರಿ. ವಾಪಸ್ ಕಳಿಸ್ಲಾ?"

"ಬ್ಯಾರಲ್ ಮ್ಯಾಲೆ ಏನ್ ಬರ್ದಾರ, ಓದು."

ಅದನ್ನು ಅವನು ನೋಡಿಯೇ ಇರಲಿಲ್ಲ.

ಈ ರೈಫಲ್‌ನಲ್ಲಿ ಬ್ಯಾರಲ್ ಇರುವುದು ಅಪ್ಪರ್‌ನಲ್ಲಿ. ಸ್ಕೋಪ್ ಕೂರುವುದೂ ಅಪ್ಪರ್ ಮೇಲೇ. ಗುರಿ ನೋಡುವ ಕಣ್ಣು, ಗುಂಡು ಹೊರಡುವ ನಳಿಕೆ ಎರಡೂ ಒಂದೇ ತುಂಡಿನಲ್ಲಿವೆ. ಕೆಳಗೆ ಇರುವುದು ಟ್ರಿಗರ್, ಹಿಡಿ, ಮ್ಯಾಗಜಿನ್, ಹಿಂದಿನ ಸ್ಟಾಕ್. ಹಾಗಿದ್ದಾಗ ಇವೆರಡರ ನಡುವೆ ಕೂದಲೆಳೆಯಷ್ಟು ಪ್ಲೇ ಇದ್ದರೆ ಗುರಿ ಎಲ್ಲಿಗೆ ತಪ್ಪುತ್ತದೆ? ಬೆಂಚ್ ಮೇಲೆ ಇಟ್ಟು ಸಣ್ಣ ಗುಂಪು ಹೊಡೆಯುವ ಸ್ಪರ್ಧಿಗಳಿಗೆ ಕಿರಿಕಿರಿ ಆಗಬಹುದು, ಅದನ್ನು ಒಪ್ಪುತ್ತೇನೆ. ಉಳಿದವರು ಆ ಅಲುಗಾಟ ನಿಲ್ಲಿಸಲು ರಬ್ಬರ್ ತುಂಡು ಕೊಂಡು ಒಳಗೆ ತುರುಕುವುದು ಸುಮ್ನೆ ಮನಸ್ಸಿನ ಸಮಾಧಾನಕ್ಕೆ.

ಟೈಟ್ ಇದ್ದರೆ ಒಳ್ಳೆಯ ಮಾಲು ಅನ್ನುವುದೂ ಅಷ್ಟೇ. ಇವು ಅಲ್ಯೂಮಿನಿಯಂ ಫೋರ್ಜಿಂಗ್, ಹೆಚ್ಚಾಗಿ 7075-ಟಿ6 ದರ್ಜೆಯದು. ಮೇಲೆ ಗಟ್ಟಿ ಅನೊಡೈಸಿಂಗ್, ಅಂದರೆ ಆಕ್ಸೈಡ್ ಪದರ, ಮಾಡುತ್ತಾರೆ, ದಪ್ಪ ಸುಮಾರು 2 ಥೌ (ಇಂಚಿನ ಸಾವಿರದಲ್ಲಿ ಒಂದು ಭಾಗಕ್ಕೆ ಥೌ ಅನ್ನುತ್ತೇವೆ). ಅದರಲ್ಲಿ ಅರ್ಧ ಲೋಹದ ಒಳಗೆ ಇಳಿಯುತ್ತದೆ, ಅರ್ಧ ಹೊರಗೆ ಬೆಳೆಯುತ್ತದೆ. ತೂತಿನ ಎರಡೂ ಕಡೆ ಒಂದೊಂದು ಥೌ ಬೆಳೆದರೆ ತೂತು 2 ಥೌ ಸಣ್ಣದಾಯಿತು. ಪಿನ್ ಅಳತೆ ಕಾಲು ಇಂಚು, ಅಂದರೆ 6.35 ಎಂಎಂ. ಪಿನ್ ಬಿಗಿಯಾಗಿ ಹೋಗುತ್ತಿದೆ ಅಂದರೆ ಅದು ಬರೀ ಕೋಟಿಂಗ್ ಇರಬಹುದು. ಬಳಸುತ್ತಾ ಹೋದರೆ ತಾನೇ ಸಡಿಲ ಆಗುತ್ತದೆ. ಪಿನ್ ಒಳಗೇ ಹೋಗುತ್ತಿಲ್ಲ ಅಂದರೆ ಬೇರೆ ಮಾತು. ಹಳೆಯ ಕೆಲವು ಕೋಲ್ಟ್ ಸಿವಿಲ್ ಮಾಡೆಲ್‌ಗಳಲ್ಲಿ ಮುಂದಿನ ಪಿನ್ 0.315 ಇಂಚಿನದು. ಅದಕ್ಕೆ ಅಡಾಪ್ಟರ್ ಪಿನ್ ಸಿಗುತ್ತದೆ. ಫೈಲ್ ಹಿಡಿದು ಉಜ್ಜಲು ಹೋಗಬಾರದು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ದೇಶದ 1959ರ ಶಸ್ತ್ರ ಕಾಯ್ದೆಯಲ್ಲಿ ಆಯುಧದ ಬಿಡಿಭಾಗಗಳೂ ಆಯುಧವೇ. ಅಂಥದ್ದನ್ನು ಹಿಡಿದು ಇಲ್ಲಿನ ಯಾವ ವರ್ಕ್‌ಶಾಪ್‌ಗೂ ಬರಬೇಡಿ, ನನ್ನ ಹತ್ತಿರವಂತೂ ಬೇಡ.

ಈಗ ಬ್ಯಾರಲ್ ಮೇಲಿನ ಅಕ್ಷರದ ವಿಷಯ. ನಮ್ಮ ಸ್ಪಾಂಜ್ ಐರನ್ ಫ್ಯಾಕ್ಟರಿಗಳ ಬ್ಲೋವರ್ ಕೆಲಸ ಮಾಡಿದವರಿಗೆ ಇದು ಬೇಗ ಹೊಳೆಯುತ್ತದೆ. 6205 ಬೇರಿಂಗ್ ಯಾವ ಕಂಪನಿಯದೇ ತನ್ನಿ, ಒಳಗೆ 25, ಹೊರಗೆ 52, ಅಗಲ 15 ಎಂಎಂ. ಅದೇ ನಂಬರ್ ಮುಂದೆ ಸಿ3 ಅಂತ ಇದ್ದರೂ ಹೊರ ಅಳತೆ ಅದೇ. ಹೌಸಿಂಗ್‌ನಲ್ಲಿ ಎರಡೂ ಒಂದೇ ಥರ ಕೂರುತ್ತವೆ. ಆದರೆ ಒಳಗಿನ ಸಡಿಲ ಮಾಮೂಲಿಯಲ್ಲಿ 5ರಿಂದ 20 ಮೈಕ್ರಾನ್, ಸಿ3ಯಲ್ಲಿ 13ರಿಂದ 28. ಬಿಸಿಯಲ್ಲಿ ಓಡುವ ಜಾಗಕ್ಕೆ ಮಾಮೂಲಿ ಬೇರಿಂಗ್ ಹಾಕಿದರೆ ಒಳ ರಿಂಗ್ ಹಿಗ್ಗಿ ಹಿಡಿದುಕೊಳ್ಳುತ್ತದೆ. ಕೂತಿತು ಅನ್ನುವುದರಿಂದ ಏನೂ ತಿಳಿಯುವುದಿಲ್ಲ.

ರೈಫಲ್‌ನಲ್ಲಿ ಇದರ ಕೆಟ್ಟ ರೂಪ .300 ಬ್ಲ್ಯಾಕ್‌ಔಟ್ ಅನ್ನುವ ತೋಟಾ. ಎಆರ್-15ರ ಮಾಮೂಲಿ ತೋಟಾ 5.56 ಎಂಎಂ. 5.56ರ ಮ್ಯಾಗಜಿನ್, 5.56ರ ಬೋಲ್ಟ್ ಅದಕ್ಕೂ ನಡೆಯುತ್ತದೆ. ಬದಲಾಗುವುದು ಬ್ಯಾರಲ್ ಒಂದೇ. ಅನುಕೂಲ ಅಂತಲೇ ಹಾಗೆ ಮಾಡಿದರು, 2011ರಲ್ಲಿ ಅಮೆರಿಕದ ತಯಾರಕರ ಸಂಸ್ಥೆ ಅದಕ್ಕೆ ಒಪ್ಪಿಗೆಯನ್ನೂ ಕೊಟ್ಟಿತು. ಆದರೆ ಆ ದಪ್ಪ ಗುಂಡು ಕೆಲವೊಮ್ಮೆ 5.56ರ ಚೇಂಬರ್‌ನೊಳಗೂ (ಬ್ಯಾರಲ್‌ನಲ್ಲಿ ತೋಟಾ ಕೂರುವ ಗೂಡು) ಹೊಕ್ಕುತ್ತದೆ, ಬೋಲ್ಟ್ ಮುಚ್ಚಿಕೊಳ್ಳುತ್ತದೆ. ಟ್ರಿಗರ್ ಎಳೆದರೆ ಸಣ್ಣ ನಳಿಕೆಯಲ್ಲಿ ದೊಡ್ಡ ಗುಂಡು ಸಿಕ್ಕಿ ರೈಫಲ್ ಒಡೆಯುತ್ತದೆ. ಹೀಗೆ ಒಡೆದಿರುವುದು ಎಷ್ಟೋ ಕಡೆ ದಾಖಲಾಗಿದೆ. ಹೊರಗಿನಿಂದ ಎರಡು ಅಪ್ಪರ್‌ಗಳನ್ನೂ ಪಕ್ಕದಲ್ಲಿಟ್ಟರೆ ಬಣ್ಣ ಒಂದೇ, ಉದ್ದ ಒಂದೇ. ಅದಕ್ಕೇ ಹೇಳಿದ್ದು, ಮೊದಲು ಓದಿ. .223 (5.56ರ ಥರದ್ದೇ ಸಿವಿಲ್ ತೋಟಾ) ಅಂತ ಇದ್ದರೆ 5.56ರ ಗುಂಡು ಹಾಕಬೇಡಿ, ಒತ್ತಡ ಜಾಸ್ತಿ ಆಗಬಹುದು. 5.56 ಅಂತ ಇದ್ದರೆ ಎರಡೂ ನಡೆಯುತ್ತವೆ. ಏನೂ ಬರೆದೇ ಇಲ್ಲದ ಅಪ್ಪರ್ ಆದರೆ ನಾನು ಮುಟ್ಟುವುದಿಲ್ಲ.

ಆಮೇಲೆ ಬೋಲ್ಟ್. ಗುಂಡು ಹಾರುವಾಗಿನ ಹೊಡೆತ ತಡೆಯುವುದು ಅಲ್ಯೂಮಿನಿಯಂ ಅಪ್ಪರ್ ಅಲ್ಲ. ಬೋಲ್ಟ್ ತಲೆಯ ಏಳು ಹಲ್ಲು ತಿರುಗಿ, ಬ್ಯಾರಲ್ ಹಿಂಬದಿಗೆ ಸೇರಿದ ಸ್ಟೀಲ್ ತುಂಡಿನೊಳಗೆ ಹಿಡಿದುಕೊಳ್ಳುತ್ತವೆ. ಸ್ಟೀಲ್‌ಗೆ ಸ್ಟೀಲ್. ಯೂಜೀನ್ ಸ್ಟೋನರ್ 1950ರ ದಶಕದಲ್ಲಿ ಇದನ್ನು ಹೀಗೆ ಮಾಡಿದ್ದರಿಂದಲೇ ಉಳಿದ ಮೈ ಅಷ್ಟು ಹಗುರ ಆಗಲು ಸಾಧ್ಯವಾಯಿತು. ಹಾಗಾಗಿ ಹೊಂದಾಣಿಕೆ ನೋಡಬೇಕಾದ ನಿಜವಾದ ಜೋಡಿ ಬೋಲ್ಟ್ ಮತ್ತು ಬ್ಯಾರಲ್. ಬೋಲ್ಟ್ ಮುಚ್ಚಿದಾಗ ಅದರ ಮುಖಕ್ಕೂ ಚೇಂಬರ್ ಒಳಗೆ ತೋಟಾದ ಭುಜ ತಾಗುವ ಜಾಗಕ್ಕೂ ಇರುವ ಅಂತರವೇ ಹೆಡ್‌ಸ್ಪೇಸ್. ಅದು ಜಾಸ್ತಿ ಆದರೆ ತೋಟಾದ ಹಿತ್ತಾಳೆ ಹಿಗ್ಗಿ ಹರಿಯಬಹುದು. ಕಣ್ಣಿಗೆ ಕಾಣುವುದಿಲ್ಲ, ಕೈಗೆ ತಿಳಿಯುವುದಿಲ್ಲ. ಗೋ, ನೋ-ಗೋ ಗೇಜ್ ಬೇಕು. ಬೋಲ್ಟ್‌ನಿಂದ ಎಕ್ಸ್‌ಟ್ರಾಕ್ಟರ್, ಎಜೆಕ್ಟರ್ (ಖಾಲಿ ತೋಟಾ ಎಳೆದು ಹೊರಗೆಸೆಯುವ ಭಾಗಗಳು) ಬಿಚ್ಚಿ, ಬೆರಳ ಬಲದಲ್ಲಿ ಮುಚ್ಚಬೇಕು. ಗೋ ಹಾಕಿದಾಗ ಮುಚ್ಚಬೇಕು, ನೋ-ಗೋ ಹಾಕಿದಾಗ ಮುಚ್ಚಬಾರದು. ನಾವು ಬೋರ್‌ಗೆ ಪ್ಲಗ್ ಗೇಜ್ ಹಾಕುವ ಹಾಗೇ. ಗೇಜ್ ಕೊಳ್ಳುವ ಮನಸ್ಸಿಲ್ಲದಿದ್ದರೆ ಬೋಲ್ಟ್, ಬ್ಯಾರಲ್ ಎರಡನ್ನೂ ಒಂದೇ ಕಡೆ, ಜೋಡಿಯಾಗಿ ಪರೀಕ್ಷಿಸಿದ್ದನ್ನು ಕೊಳ್ಳಬೇಕು. ಬೇರೆ ರೈಫಲ್‌ನಲ್ಲಿ ಸವೆದ ಬೋಲ್ಟ್ ತಂದು ಹೊಸ ಬ್ಯಾರಲ್‌ಗೆ ಹಾಕುವವರಿಗೆ ನಾನು ಏನು ಹೇಳಲಿ?

ಗುಂಡು ಹತ್ತುವ ಇಳಿಜಾರನ್ನೂ ಟಾರ್ಚ್ ಬಿಟ್ಟು ನೋಡಿ. ಬ್ಯಾರಲ್ ಕಡೆಯ ಇಳಿಜಾರು, ಅಪ್ಪರ್ ಕಡೆಯ ಇಳಿಜಾರು ಕೂಡಬೇಕು. ನಡುವೆ ಮೆಟ್ಟಿಲು ಇದ್ದರೆ ಗುಂಡಿನ ಮೂತಿ ಅಲ್ಲೇ ಬಡಿಯುತ್ತದೆ. ಗ್ಯಾಸ್‌ನ ಕಥೆ ಇನ್ನೂ ಉದ್ದ. ಬೋಲ್ಟ್ ಹಿಂದಕ್ಕೆ ತಳ್ಳುವ ಗ್ಯಾಸ್ ಹೊರಬರಲು ಬ್ಯಾರಲ್ ಪಕ್ಕದಲ್ಲಿ ಕೊರೆದ ಸಣ್ಣ ತೂತು ದೊಡ್ಡದಿದ್ದು, ಲೋವರ್‌ನಲ್ಲಿ 3 ಔನ್ಸಿನ ಮಾಮೂಲಿ ಬಫರ್ (ಹಿಂದಕ್ಕೆ ಬರುವ ಬೋಲ್ಟ್ ತಡೆಯುವ ತೂಕ) ಇದ್ದರೆ ಒದೆತ ಜಾಸ್ತಿ. ಭಾರದ ಬಫರ್ ಹಾಕಿದರೆ ಕೆಲವೊಮ್ಮೆ ಸರಿಹೋಗುತ್ತದೆ. ಇದು ರೇಂಜ್‌ನಲ್ಲಿ ಹೊಡೆದು ನೋಡಿ ಸರಿಮಾಡುವ ಕೆಲಸ, ಟೇಬಲ್ ಮೇಲೆ ಆಗುವುದಲ್ಲ.

"ಮಿಲ್‌ಸ್ಪೆಕ್ ಐತಿ ಮಾವ, ಎಲ್ಲಾ ಕೂಡ್ತದ" ಅಂತ ಅಕ್ಕನ ಮಗನ ವಾದ. ಮಿಲ್‌ಸ್ಪೆಕ್ ಅಂದರೆ ಸೈನ್ಯದ ಅಳತೆ. ಸೈನ್ಯ ಕೊಳ್ಳುವಾಗ ಡ್ರಾಯಿಂಗ್ ಇರುತ್ತದೆ, ಅದರ ಪ್ರಕಾರ ಅಳೆಯಲು ಇನ್‌ಸ್ಪೆಕ್ಟರ್ ಇರುತ್ತಾನೆ. ಅಂಗಡಿ ಮಾಲಿಗೆ ಆ ಹೆಸರು ಅಂಟಿಸಿದರೆ ಯಾರು ಬಂದು ಅಳೆಯುತ್ತಾರೆ? ಡ್ರಾಯಿಂಗ್ ಪ್ರಕಾರವೇ ಮಾಡಿದರೂ ಅಳತೆಗೆ ಹೆಚ್ಚುಕಡಿಮೆಯ ಮಿತಿ ಇದ್ದೇ ಇರುತ್ತದೆ. ಒಬ್ಬ ಮಿತಿಯ ಮೇಲಿನ ತುದಿಗೆ ಮಾಡಿದ, ಇನ್ನೊಬ್ಬ ಕೆಳಗಿನ ತುದಿಗೆ ಮಾಡಿದ. ಇಬ್ಬರದೂ ಪಾಸ್. ಜೋಡಿಸಿದರೆ ಲೂಸ್. ಇದರಲ್ಲಿ ಯಾರ ತಪ್ಪೂ ಇಲ್ಲ. ಸ್ಟಾಕ್ ಕೂರುವ ಟ್ಯೂಬ್ ನೋಡಿ. ಮಿಲ್‌ಸ್ಪೆಕ್ ಅಂದರೆ 1.148 ಇಂಚು, ಕಮರ್ಷಿಯಲ್ ಅಂದರೆ 1.168. ಅರ್ಧ ಎಂಎಂ ವ್ಯತ್ಯಾಸ. ಎರಡೂ ಒಂದೇ ಅಂಗಡಿಯಲ್ಲಿ, ಒಂದೇ ಕಪಾಟಿನಲ್ಲಿ ಸಿಗುತ್ತವೆ.

ಇಷ್ಟಾದರೂ 5.56ರ ಲೋಕದಲ್ಲಿ ಶಿಸ್ತು ಇದೆ, ಯಾಕೆಂದರೆ ಸೈನ್ಯ ಅದನ್ನು ತೆಗೆದುಕೊಂಡಿತು, ಅಳತೆ ಖಾಯಂ ಆಯಿತು. ಅದರ ಅಣ್ಣ, 7.62ರ ಎಆರ್-10, ಮೊದಲೇ ಹುಟ್ಟಿದ್ದರೂ ಅಮೆರಿಕದ ಸೈನ್ಯ ಅದನ್ನು ಆರಿಸಲಿಲ್ಲ. ಹಾಗಾಗಿ ಕಂಪನಿಗೊಂದು ಅಳತೆ. ಆರ್ಮಲೈಟ್, ಡಿಪಿಎಂಎಸ್ ಅಂತ ಎರಡು ಕಂಪನಿಗಳ ಮಾದರಿ ನೋಡಿ. ಆರ್ಮಲೈಟ್ ಮಾದರಿಯಲ್ಲಿ ಅಪ್ಪರ್, ಲೋವರ್ ಕೂಡುವ ಹಿಂಭಾಗದ ಗೆರೆ ಓರೆಯಾಗಿ ನೇರ, ಡಿಪಿಎಂಎಸ್ ಮಾದರಿಯಲ್ಲಿ ಗುಂಡಗೆ ಬಾಗಿದೆ. ಡಿಪಿಎಂಎಸ್ ಒಳಗೇ ಮೇಲಿನ ರೈಲ್ (ಸ್ಕೋಪ್ ಕೂರುವ ಪಟ್ಟಿ) ಎತ್ತರ ಎರಡು ಥರ. ಇಲ್ಲಿ ಮಾತ್ರ ಅಪ್ಪರ್-ಲೋವರ್ ಕೂಡುತ್ತದೋ ಇಲ್ಲವೋ ಅನ್ನುವುದೇ ಮೊದಲ ಪ್ರಶ್ನೆ. ಮಾರುವವನಿಗೆ "ಎಆರ್-10ಕ್ಕೆ ಆಗುತ್ತದಾ" ಅಂತ ಕೇಳಬೇಡಿ, ಆಗುತ್ತದೆ ಅಂತಲೇ ಹೇಳುತ್ತಾನೆ. ನಿಮ್ಮ ಲೋವರ್ ಮಾಡಿದ ಕಂಪನಿ, ಮಾಡೆಲ್ ಹೇಳಿ, ಹಿಂಭಾಗದ ಗೆರೆಯ ಫೋಟೋ ಕಳಿಸಿ, ರೈಲ್ ಎತ್ತರ ಬರೆದುಕೊಡು ಅನ್ನಿ.